41 ಮೆಗಾಪಿಕ್ಸೆಲ್‌ನ ಎರಡು ಹಳೇ ನೋಕಿಯಾ: 808 ತಗೊಳ್ಳೋದಾ, 1020 ತಗೊಳ್ಳೋದಾ?

ನೋಕಿಯಾ 808 ಪ್ಯೂರ್‌ವ್ಯೂ ಬಂದದ್ದು 2012ರಲ್ಲಿ. ಲೂಮಿಯಾ 1020 ಅದರ ಮರುವರ್ಷ. ಎರಡಕ್ಕೂ 41 ಮೆಗಾಪಿಕ್ಸೆಲ್, ಎರಡಕ್ಕೂ ಝೈಸ್ ಲೆನ್ಸ್, ಎರಡಕ್ಕೂ ಝೆನಾನ್ ಫ್ಲಾಶ್. ಆಗ ನಮ್ಮಲ್ಲಿ 808ಕ್ಕೆ ಸುಮಾರು 34 ಸಾವಿರ, 1020ಕ್ಕೆ 50 ಸಾವಿರದ ಹತ್ತಿರ ಬೆಲೆ ಇತ್ತು. ಈಗ ಇವು ಸಿಗುವುದು ಸೆಕೆಂಡ್ ಹ್ಯಾಂಡಲ್ಲಿ, ಇಲ್ಲವೇ ಯಾರದೋ ಮನೆ ಬೀರುವಿನ ಮೂಲೆಯಲ್ಲಿ.

ನಂಬರ್ ಒಂದೇ ಅಲ್ವಾ, ಯಾವುದಾದರೇನು ಅಂತ ಅನಿಸಬಹುದು. ಆದರೆ 808 ಹಗಲಿನ ಫೋನು, 1020 ಸಂಜೆಯ ಫೋನು. ನೀವು ಯಾವ ಹೊತ್ತಲ್ಲಿ ಜಾಸ್ತಿ ಫೋಟೊ ತೆಗೆಯುತ್ತೀರಿ ಅನ್ನೋದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆಯೇ. ಉಳಿದರ್ಧವನ್ನು ಮೈಸೂರು, ಮಂಡ್ಯದ ಬೀದಿಯಲ್ಲೇ ನಿಂತು ಪರೀಕ್ಷೆ ಮಾಡಿ ತಿಳಿದುಕೊಳ್ಳಬಹುದು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಒಂದು ಮಾತು: ಸಿಮ್ ಮರೆತುಬಿಡಿ

ಇವನ್ನು ಫೋನ್ ಅಂತ ಕೊಂಡರೆ ಬೇಜಾರಾಗುತ್ತದೆ. 808ರಲ್ಲಿರುವುದು ಸಿಂಬಿಯನ್. ಅದರಲ್ಲಿ ವಾಟ್ಸಾಪ್ 2017ರ ಜೂನ್ ಕೊನೆಗೇ ನಿಂತುಹೋಯಿತು. 1020ರಲ್ಲಿರುವುದು ವಿಂಡೋಸ್ ಫೋನ್. ಅಲ್ಲೂ 2019ರ ಕೊನೆಗೆ ವಾಟ್ಸಾಪ್ ಕಥೆ ಮುಗಿಯಿತು. ಅದೇ ಡಿಸೆಂಬರ್ 16ಕ್ಕೆ ವಿಂಡೋಸ್ ಫೋನ್ 8.1ರ ಆಪ್ ಸ್ಟೋರ್ ಕೂಡ ಮುಚ್ಚಿತು. ಜಿಯೊ ಸಿಮ್ ಹಾಕಿದರೆ ಎರಡರಲ್ಲೂ ಕಾಲ್ ಹೋಗಲ್ಲ. 808ರಲ್ಲಿ 4ಜಿ ಇಲ್ಲವೇ ಇಲ್ಲ, 1020ರಲ್ಲಿ 4ಜಿ ಇದ್ದರೂ ವೋಲ್ಟಿ, ಅಂದರೆ 4ಜಿಯಲ್ಲೇ ಮಾತಾಡುವ ವ್ಯವಸ್ಥೆ, ಇಲ್ಲ. ಏರ್‌ಟೆಲ್ ಸಿಮ್ ಹಾಕಿ 2ಜಿಯಲ್ಲಿ ಮಾತಾಡಬಹುದು. ಆದರೆ ಯಾಕೆ? ಸಿಮ್ ಇಲ್ಲದೆಯೂ ಕ್ಯಾಮೆರಾ ಓಡುತ್ತದೆ. ನಿಮ್ಮ ಮಾಮೂಲಿ ಫೋನ್ ಒಂದು ಜೇಬಿನಲ್ಲಿರಲಿ, ಇದು ಇನ್ನೊಂದರಲ್ಲಿ.

ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಿ

ಆನ್‌ಲೈನಲ್ಲಿ ಫೋಟೊ ನೋಡಿ ದುಡ್ಡು ಕಳಿಸಬೇಡಿ. ಮಾರುವವರನ್ನು ಎದುರಲ್ಲೇ ಭೇಟಿ ಮಾಡಿ, ಹಗಲು ಬೆಳಕಲ್ಲೇ.

ಮೊದಲು ಡಯಲ್ ಪ್ಯಾಡ್‌ನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ನಿಮ್ಮ ಮಾಮೂಲಿ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೆ, ವೈ, ಎಂ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆ ನಂಬರ್ ಹಾಕಿ, 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಇದು ಸರ್ಕಾರದ್ದೇ ವ್ಯವಸ್ಥೆ. ಬ್ಲಾಕ್ ಆದ ಫೋನ್ ಅಂತ ಉತ್ತರ ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಆಮೇಲೆ ಬ್ಯಾಟರಿ. 808ರ ಹಿಂಬದಿ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೇ ಬರುತ್ತದೆ. ಅದನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ತಿರುಗಿಸಿ ನೋಡಿ. ಬುಗುರಿ ಥರ ಸುತ್ತಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ. ಬಿವಿ-4ಡಿ ಅನ್ನೋ ಹೆಸರಿನ ಬದಲಿ ಬ್ಯಾಟರಿ ಹುಡುಕಬೇಕು. 1020ರ 2000 ಎಂಎಎಚ್ ಬ್ಯಾಟರಿ ಒಳಗೇ ಕೂತಿದೆ. ಅದನ್ನು ಬದಲಿಸಲು ಫೋನನ್ನೇ ಬಿಚ್ಚಬೇಕು. ಪರದೆಯ ಅಂಚು ಎಲ್ಲಾದರೂ ಎದ್ದಿದೆಯಾ ಅಂತ ಉಗುರು ತಾಗಿಸಿ ನೋಡಿ. ಎದ್ದಿದ್ದರೆ ಬೇಡ.

1020 ಅಲ್ಲಾಡಿಸಿದರೆ ಒಳಗೆ ಏನೋ ಲೊಟಲೊಟ ಅನ್ನುತ್ತದೆ. ಅದಕ್ಕೆ ಹೆದರಬೇಕಿಲ್ಲ. ಕೈ ನಡುಕ ಸರಿದೂಗಿಸಲು ಅದರ ಲೆನ್ಸ್ ಜೋಡಣೆಯನ್ನೇ ಅಲ್ಲಾಡುವ ಹಾಗೆ ಕೂರಿಸಿದ್ದಾರೆ. 808ರಲ್ಲಿ ಆ ಸೌಲಭ್ಯ ಇಲ್ಲ. ಅಲ್ಲಿ ಶಬ್ದ ಬಂದರೆ ಅನುಮಾನ ಪಡಿ.

ಫ್ಲಾಶ್ ಆನ್ ಮಾಡಿ ನಾಲ್ಕೈದು ಫೋಟೊ ಸತತವಾಗಿ ತೆಗೆಯಿರಿ. ಪ್ರತಿ ಸಲವೂ ಹೊಡೆಯಬೇಕು. ಕ್ಯಾಮೆರಾ ಬಟನ್ ಅರ್ಧ ಒತ್ತಿದಾಗ ಫೋಕಸ್ ಆಗಬೇಕು, ಪೂರ್ತಿ ಒತ್ತಿದಾಗ ಫೋಟೊ ಬೀಳಬೇಕು. ಹತ್ತು ವರ್ಷ ದಾಟಿದ ಫೋನಿನಲ್ಲಿ ಮೊದಲು ಸಾಯುವುದು ಈ ಬಟನ್ನೇ. ಆಮೇಲೆ ಚಾರ್ಜಿಂಗ್ ಜಾಗ.

1020ಕ್ಕೆ ಇನ್ನೊಂದು ಎಚ್ಚರಿಕೆ. ನೋಕಿಯಾದ ಪ್ರೊ ಕ್ಯಾಮೆರಾ ಆಪ್ ಇದೆಯಾ, ಓಡುತ್ತಾ ಅಂತ ನೋಡಿ. ಅಂಗಡಿಯವರು "ರೀಸೆಟ್ ಮಾಡಿ ಫ್ರೆಶ್ ಆಗಿ ಕೊಡ್ತೀನಿ ಸಾರ್" ಅಂದರೆ ಬೇಡ ಅನ್ನಿ. ಸ್ಟೋರ್ ಮುಚ್ಚಿರುವಾಗ ಹೋದ ಆಪ್ ಮತ್ತೆ ತರಿಸೋದು ಸುಲಭವಲ್ಲ. ಹಳೇ ಮಾಲೀಕರ ಫೋಟೊ, ಅಕೌಂಟ್ ಅವರ ಕೈಯಲ್ಲೇ ತೆಗೆಸಿ.

41 ಒಂದೇ, ಒಳಗಿನ ಲೆಕ್ಕ ಬೇರೆ

808ರ ಸೆನ್ಸರ್ 1/1.2 ಇಂಚಿನದು, 1020ರದ್ದು 1/1.5 ಇಂಚಿನದು. ವಿಸ್ತೀರ್ಣ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 85 ಚದರ ಮಿಲಿಮೀಟರ್, ಎರಡನೆಯದು 58. ಅಂದರೆ 808ರದ್ದು ಹೆಚ್ಚುಕಡಿಮೆ ಒಂದೂವರೆ ಪಟ್ಟು. ಒಂದೊಂದು ಪಿಕ್ಸೆಲ್ ಅಲ್ಲಿ 1.4 ಮೈಕ್ರಾನ್, ಇಲ್ಲಿ 1.12.

ಹಾಗಾದರೆ 808 ಗೆದ್ದ ಹಾಗೆ ತಾನೆ? ಹಗಲಲ್ಲಿ ಹೌದು. ಸಂಜೆ ಆಗುತ್ತಿದ್ದ ಹಾಗೆ 1020 ಮೂರು ಅಸ್ತ್ರ ತೆಗೆಯುತ್ತದೆ: ಎಫ್/2.4 ಬದಲು ಎಫ್/2.2 ಲೆನ್ಸ್ (ಈ ಅಂಕಿ ಚಿಕ್ಕದಾದಷ್ಟೂ ಹೆಚ್ಚು ಬೆಳಕು ಒಳಗೆ ಬರುತ್ತದೆ), ಬೆಳಕನ್ನು ಚೆನ್ನಾಗಿ ಹಿಡಿಯುವ ಹೊಸ ಬಗೆಯ ಸೆನ್ಸರ್, ಎಲ್ಲಕ್ಕಿಂತ ಮುಖ್ಯವಾಗಿ ಕೈ ನಡುಕ ತಡೆಯುವ ಓಐಎಸ್.

ಎರಡೂ ದಿನನಿತ್ಯ ಕೊಡುವುದು 41 ಮೆಗಾಪಿಕ್ಸೆಲ್ ಫೋಟೊ ಅಲ್ಲ, 5 ಮೆಗಾಪಿಕ್ಸೆಲ್ ಫೋಟೊ. ಪಕ್ಕಪಕ್ಕದ ಏಳೆಂಟು ಪಿಕ್ಸೆಲ್ ಸೇರಿ ಒಂದಾಗುತ್ತವೆ. ಏಳೆಂಟು ಜನ ಸಾಕ್ಷಿ ಹೇಳಿದಾಗ ಒಬ್ಬ ತಪ್ಪಿದರೂ ಉಳಿದವರು ಸರಿಮಾಡುವ ಹಾಗೆ, ಕಾಳುಕಾಳು ಕಲೆ ಅಲ್ಲೇ ಅಳಿಸಿಹೋಗುತ್ತದೆ. ಝೂಮ್ ಮಾಡಿದಾಗ ಸೆನ್ಸರಿನ ನಡುವಿನ ಭಾಗವನ್ನಷ್ಟೇ ಬಳಸುತ್ತವೆ. ಅದಕ್ಕೇ 5 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 2.7 ಪಟ್ಟಿನವರೆಗೆ ಝೂಮ್ ಮಾಡಿದರೂ ಚಿತ್ರ ಒಡೆಯಲ್ಲ.

ಇವನ್ನು ರಂಗನತಿಟ್ಟಿಗೆ ಒಯ್ದು ಹಕ್ಕಿ ಹೊಡೆಯೋಣ ಅಂತ ಆಸೆ ಇದ್ದರೆ ಈಗಲೇ ಬಿಡಿ. 2.7 ಪಟ್ಟಿನಲ್ಲಿ ಕೊಕ್ಕರೆ ಬಿಳಿ ಚುಕ್ಕೆಯಾಗಿ ಬರುತ್ತದೆ ಅಷ್ಟೇ.

ಪರೀಕ್ಷೆಗೆ ಮುಂಚೆ ಎರಡನ್ನೂ ಒಂದೇ ಸಾಲಿಗೆ ತನ್ನಿ

ಎರಡೂ ಫೋನಿನ ಗಡಿಯಾರ ಒಂದೇ ಸಮಯಕ್ಕೆ ಇಡಿ. ಕಂಪ್ಯೂಟರಿಗೆ ಹಾಕಿದಾಗ ಒಂದೇ ದೃಶ್ಯದ ಫೋಟೊಗಳು ಪಕ್ಕಪಕ್ಕ ಬಂದು ಕೂರುತ್ತವೆ. ಸಣ್ಣ ಕೆಲಸ, ಆಮೇಲೆ ತುಂಬ ಗೋಳು ತಪ್ಪಿಸುತ್ತದೆ.

808ರಲ್ಲಿ ಕ್ರಿಯೇಟಿವ್ ಮೋಡ್‌ಗೆ ಹೋಗಿ ಪ್ಯೂರ್‌ವ್ಯೂ 5 ಮೆಗಾಪಿಕ್ಸೆಲ್ ಆರಿಸಿ, ಜೆಪೆಗ್ ಗುಣಮಟ್ಟವನ್ನು ಅತಿ ಮೇಲಿನದಕ್ಕೆ ಇಡಿ. 1020ರಲ್ಲಿ 5 ಮೆಗಾಪಿಕ್ಸೆಲ್ ಜೊತೆಗೆ ದೊಡ್ಡ ಫೈಲೂ ಉಳಿಯುವ ಆಯ್ಕೆ ಹಾಕಿ. ಲೂಮಿಯಾ ಬ್ಲ್ಯಾಕ್ ಅನ್ನೋ ಸಾಫ್ಟ್‌ವೇರ್ ಅಪ್‌ಡೇಟ್ ಆಗಿರುವ ಫೋನಾದರೆ ಡಿಎನ್‌ಜಿ, ಅಂದರೆ ಆಮೇಲೆ ತಿದ್ದಲು ಬರುವ ಹಾಗೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫೈಲೂ ಸಿಗುತ್ತದೆ. 808ರಲ್ಲಿ ಅದಿಲ್ಲ. ಎರಡರ ಆಕಾರವೂ 4:3 ಇರಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಲೆನ್ಸಿನ ಗಾಜನ್ನು ಹಳೇ ಹತ್ತಿ ಬಟ್ಟೆಯಲ್ಲಿ ಒರೆಸಿ. ಹಳೇ ಫೋನಿನ ಫೋಟೊ ಮಂಜಾಗಿದೆ ಅನ್ನೋ ದೂರಿಗೆ ಬಹಳ ಸಲ ಕಾರಣ ಬೆರಳಿನ ಎಣ್ಣೆ.

ಪ್ರತಿ ಜಾಗದಲ್ಲೂ ಮೊದಲು ಆಟೊದಲ್ಲಿ ಒಂದು, ಆಮೇಲೆ ನಿಮಗೆ ಬೇಕಾದ ಹಾಗೆ ಬದಲಿಸಿ ಒಂದು. ಹಾಗೆ ಮಾಡಿದರೆ ಫೋನಿನ ಬುದ್ಧಿ ಎಷ್ಟು, ಲೆನ್ಸಿನ ಶಕ್ತಿ ಎಷ್ಟು ಅಂತ ಬೇರೆ ಬೇರೆ ಕಾಣುತ್ತದೆ.

ಹಗಲು: ನಂದಿ, ದೊಡ್ಡ ಗಡಿಯಾರ, ಹೂವಿನ ಸಾಲು

ಚಾಮುಂಡಿ ಬೆಟ್ಟದ ನಂದಿ 1659ರದ್ದು. ಕಪ್ಪು ಮೈ, ಅದರ ಮೇಲೆ ಬಿಳಿ ಹೂವಿನ ಹಾರ. ಕ್ಯಾಮೆರಾಗೆ ಇದಕ್ಕಿಂತ ಕಷ್ಟದ ಪ್ರಶ್ನೆಪತ್ರಿಕೆ ಇಲ್ಲ. ಬಿಸಿಲು ಚುರುಕಾದ ಮೇಲೆ ಹೋಗಿ. ಆಟೊದಲ್ಲಿ ತೆಗೆದರೆ ಕ್ಯಾಮೆರಾ ಕಪ್ಪು ನೋಡಿ ಬೆಳಕು ಏರಿಸುತ್ತದೆ, ಹಾರದ ಎಸಳುಗಳು ಸುಣ್ಣ ಬಳಿದ ಹಾಗಾಗುತ್ತವೆ. ಎಕ್ಸ್‌ಪೋಶರ್ ಸ್ವಲ್ಪ ಮೈನಸ್‌ಗೆ ಇಳಿಸಿ ಇನ್ನೊಂದು ತೆಗೆಯಿರಿ. ಈಗ ನಂದಿಯ ಕುತ್ತಿಗೆಯ ಗಂಟೆ ಸಾಲು ನೋಡಿ. 808ರಲ್ಲಿ ಕೆತ್ತನೆಯ ಅಂಚು ಸಹಜವಾಗಿರುತ್ತದೆ. 1020ರಲ್ಲಿ ಅಂಚಿಗೆ ಸ್ವಲ್ಪ ಹೆಚ್ಚು ಹರಿತ ಕೊಟ್ಟಿರುತ್ತಾರೆ. ಕೆಲವರಿಗೆ ಅದೇ ಇಷ್ಟ. ನನಗೆ ಕಲ್ಲು ಕಲ್ಲಿನ ಹಾಗೆ ಕಾಣಬೇಕು.

ಕೆಳಗೆ ಇಳಿದು ದೊಡ್ಡ ಗಡಿಯಾರದ ಹತ್ತಿರ ಬನ್ನಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ್ದು, 1927ರದ್ದು. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ. ರಸ್ತೆಯ ಆಚೆ ಬದಿ ನಿಂತು ಝೂಮ್ ಇಲ್ಲದೆ ಒಂದು, ಪೂರ್ತಿ ಝೂಮ್‌ನಲ್ಲಿ ಒಂದು, 38 ಮೆಗಾಪಿಕ್ಸೆಲ್‌ನಲ್ಲಿ (41ರ ಸೆನ್ಸರಿನಿಂದ 4:3 ಆಕಾರದಲ್ಲಿ ಸಿಗುವ ಅತಿ ದೊಡ್ಡ ಫೋಟೊ ಇದೇ) ಒಂದು ತೆಗೆಯಿರಿ. ಕನ್ನಡದ ೬ ಮತ್ತು ೯ ಬಾಲದಲ್ಲಷ್ಟೇ ಬೇರೆ. ಅವು ಬೇರೆ ಬೇರೆಯಾಗಿ ಓದಲು ಬಂದರೆ ಲೆನ್ಸ್ ಪಾಸ್.

ಬಣ್ಣಕ್ಕೆ ದೇವರಾಜ ಮಾರುಕಟ್ಟೆ. ಕುಂಕುಮ, ಅರಿಶಿನ, ನೀಲಿ, ಹಸಿರು ಪುಡಿಯನ್ನು ಗೋಪುರದ ಹಾಗೆ ಏರಿಸಿಟ್ಟಿರುತ್ತಾರೆ. ಸುಮ್ನೆ ಕ್ಯಾಮೆರಾ ಚಾಚಬೇಡಿ. "ಅಕ್ಕಾ, ಒಂದು ಫೋಟೊ ತೆಗೀಲಾ?" ಅಂತ ಕೇಳಿ, ಒಂದು ಮೊಳ ಮಲ್ಲಿಗೆ ತಗೊಳ್ಳಿ. ಕೆಂಪು ಗೋಪುರದ ಮೇಲ್ಮೈಯಲ್ಲಿ ಪುಡಿಯ ಕಣ ಕಾಣುತ್ತಾ, ಇಲ್ಲ ಬರೀ ಕೆಂಪು ಬಣ್ಣದ ತೇಪೆಯಾ? ಎರಡು ಫೋನಿಗೂ ಕೆಂಪು ಕಷ್ಟವೇ. 1020 ಇಡೀ ಚಿತ್ರವನ್ನು ಸ್ವಲ್ಪ ಹಳದಿಗೆ ಎಳೆಯುತ್ತದೆ. ಟಾರ್ಪಾಲಿನ ಕೆಳಗೆ ಅದು ಇನ್ನೂ ಜಾಸ್ತಿ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ, ಕೈಯಿಂದ ಇಟ್ಟರೆ ಸರಿಹೋಗುತ್ತದೆ. 808 ಇದ್ದ ಬಣ್ಣಕ್ಕೆ ಹತ್ತಿರ.

ಮಲ್ಲಿಗೆ ಮೊಗ್ಗಿನ ಹತ್ತಿರದ ಫೋಟೊ ಬೇಕಾದರೆ ಫೋನನ್ನು ಹೂವಿಗೆ ಅಂಟಿಸಬೇಡಿ. ಎರಡರ ಲೆನ್ಸೂ ಸುಮಾರು 15 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನು ಫೋಕಸ್ ಮಾಡಲ್ಲ. ಒಂದು ಗೇಣು ದೂರ ನಿಂತು ಝೂಮ್ ಮಾಡಿ. ದೊಡ್ಡ ಸೆನ್ಸರಿನ ಬೆಲೆ ಗೊತ್ತಾಗುವುದು ಇಲ್ಲೇ: ಮೊಗ್ಗು ಚೂಪಾಗಿ, ಹಿಂದಿನ ಬುಟ್ಟಿ ಮೆತ್ತಗೆ ಕರಗಿ ಬರುತ್ತದೆ. ಆಪ್ ಹಾಕಿ ಮಾಡಿದ ಮಸುಕು ಅಲ್ಲ, ಲೆನ್ಸಿನದ್ದೇ ಮಸುಕು.

ನೀರು: ಬಲಮುರಿ

808ರಲ್ಲಿ ಒಂದು ಎನ್‌ಡಿ ಫಿಲ್ಟರ್ ಇದೆ. ಲೆನ್ಸಿನೊಳಗೇ ಬಂದು ಕೂತು ಬೆಳಕನ್ನು ಎಂಟರಲ್ಲಿ ಒಂದು ಪಾಲಿಗೆ ಇಳಿಸುವ ತೆಳು ಕಪ್ಪು ಗಾಜು. 1020ರಲ್ಲಿ ಇದಿಲ್ಲ. ಬಲಮುರಿಯಲ್ಲಿ ಕಾವೇರಿಯ ಕಟ್ಟೆ ಮೇಲಿಂದ ಜಾರುವ ನೀರು ಹಾಲಿನ ಹಾಗೆ ನಯವಾಗಿ ಬರಬೇಕಾದರೆ ಇದು ಬೇಕು.

ಲೆಕ್ಕ ಹೀಗೆ. ಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 50 ಇಟ್ಟರೂ ಎಫ್/2.4 ಲೆನ್ಸಿಗೆ ಶಟರ್ 1/2000 ಸೆಕೆಂಡಿನ ಆಸುಪಾಸು ಬೇಕು. ಫಿಲ್ಟರ್ ಹಾಕಿದರೆ 1/250. ನೀರು ನಯವಾಗಲು ಇದು ಸಾಲದು. ಹಾಗಾಗಿ ಬಿಸಿಲಲ್ಲಿ ಹೋಗಬೇಡಿ. ಮುಂಜಾನೆ, ಸೂರ್ಯ ಏಳುವ ಹೊತ್ತಲ್ಲಿ ಹೋದರೆ ಫಿಲ್ಟರ್ ಸಮೇತ 1/10 ಸೆಕೆಂಡಿನ ಹತ್ತಿರ ಬರುತ್ತದೆ. ಆಗ ನೀರಿಗೆ ಎಳೆ ಎಳೆ ಕಾಣುತ್ತದೆ. 1020ರಲ್ಲಿ ಶಟರನ್ನು 4 ಸೆಕೆಂಡಿನವರೆಗೆ ಕೈಯಿಂದಲೇ ಇಡಬಹುದು. ಆದರೆ ಕನಿಷ್ಠ ಐಎಸ್‌ಒ 100, ಫಿಲ್ಟರೂ ಇಲ್ಲ, ಬೆಳಕು ಇದ್ದಾಗ ಚಿತ್ರ ಬಿಳಿಚಿಹೋಗುತ್ತದೆ. ಕತ್ತಲಾಗುವವರೆಗೆ ಅದು ಕಾಯಬೇಕು. 808ರಲ್ಲಿ ಶಟರ್ ನಮ್ಮ ಕೈಲಿಲ್ಲ, ಐಎಸ್‌ಒ ಮತ್ತು ಫಿಲ್ಟರ್ ಮಾತ್ರ. ಆದರೂ ಇಲ್ಲಿ ಗೆಲ್ಲುವುದು ಅದೇ.

ಸ್ಟ್ಯಾಂಡ್ ಬೇಕೇ ಬೇಕು, ಹಿಡಿಕೆ ಇರುವ ಮೊಬೈಲ್ ಟ್ರೈಪಾಡ್ ಸಾಕು. ದಡದಲ್ಲೇ ನಿಲ್ಲಿ. ನೀರು ಮೊಣಕಾಲುದ್ದ ಕಂಡರೂ ಕಾವೇರಿಯ ಸೆಳೆತ, ಪಾಚಿ ಎರಡೂ ಕೆಟ್ಟವು.

ಮಬ್ಬು ಬೆಳಕು: ಮಂಡ್ಯದ ಆಲೆಮನೆ

ಮಂಡ್ಯ ಕಡೆ ಗುರುತಿನವರ ಆಲೆಮನೆ ಇದ್ದರೆ ಈ ಪರೀಕ್ಷೆ ಬಿಡಬೇಡಿ. ಒಳಗೆ ಒಂದೋ ಎರಡೋ ಬಲ್ಬು, ಒಲೆಯ ಬಾಯಿಂದ ಬರುವ ಕೆಂಪು ಬೆಳಕು, ಕೊಪ್ಪರಿಗೆಯಿಂದ ಏಳುವ ಹಬೆ. ಕೆಲಸ ಮಾಡುವವರಿಗೆ ಅಡ್ಡ ಆಗದ ಹಾಗೆ ಗೋಡೆ ಪಕ್ಕ ನಿಲ್ಲಿ.

ಮೊದಲು ಅಲ್ಲಾಡದ್ದನ್ನು ತೆಗೆಯಿರಿ: ಅಚ್ಚಿನಲ್ಲಿ ಆರುತ್ತಿರುವ ಬೆಲ್ಲ. 1020 ಇಲ್ಲಿ ರಾಜ. ಶಟರ್ 1/8 ಸೆಕೆಂಡಿಗೆ ಇಳಿದರೂ ಕೈಯಲ್ಲೇ ಹಿಡಿದು ತೆಗೆಯಬಹುದು. ಅಚ್ಚಿನ ಅಂಚಿನ ಮರದ ಎಳೆಯೂ ಬರುತ್ತದೆ. 808 ಅದೇ ಜಾಗದಲ್ಲಿ ಒಂದೋ ಅಲ್ಲಾಡಿಸುತ್ತದೆ, ಇಲ್ಲ ಐಎಸ್‌ಒ ಏರಿಸಿ ಕಾಳುಕಾಳು ಮಾಡುತ್ತದೆ. ಅದನ್ನು ಕಂಬಕ್ಕೆ ಒರಗಿಸಿ ಹಿಡಿಯಬೇಕು.

ಈಗ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ತಿರುವುತ್ತಿರುವವರನ್ನು ತೆಗೆಯಿರಿ. ಇಲ್ಲಿ 1020ರ ಜಂಬ ಇಳಿಯುತ್ತದೆ. ಓಐಎಸ್ ನಿಮ್ಮ ಕೈ ನಡುಕ ತಡೆಯುತ್ತದೆ, ಅವರ ತೋಳು ಅಲ್ಲಾಡುವುದನ್ನು ತಡೆಯಲ್ಲ. ಕೊಪ್ಪರಿಗೆ ಚೂಪು, ತೋಳು ಮಸುಕು. ಝೆನಾನ್ ಫ್ಲಾಶ್ ಹಾಕಿದರೆ ತೋಳೇನೋ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತದೆ. ಈಗಿನ ಫೋನಿನ ಎಲ್‌ಇಡಿಗೆ ಆ ತಾಕತ್ತಿಲ್ಲ. ಆದರೆ ಆಲೆಮನೆಯಲ್ಲಿ ಹಬೆ ಇದೆ. ಫ್ಲಾಶ್ ಬೆಳಕು ಹಬೆಗೇ ಬಡಿದು ವಾಪಸ್ ಬರುತ್ತದೆ, ಚಿತ್ರದ ತುಂಬ ಬಿಳಿ ಮುಸುಕು. ಫ್ಲಾಶನ್ನು ಮದುವೆ ಮನೆಗೆ, ಓಡುವ ಮಕ್ಕಳಿಗೆ ಇಟ್ಟುಕೊಳ್ಳಿ. ಎರಡು ಮೂರು ಮೀಟರ್ ಒಳಗೆ ಎರಡೂ ಅದ್ಭುತ.

ಹೊರಗೆ ಬಂದ ಮೇಲೆ ಲೆನ್ಸ್ ಒರೆಸಿ. ಹಬೆ ಕೂತರೆ ಅಂಟು ಉಳಿಯುತ್ತದೆ.

ರಾತ್ರಿ: ಅರಮನೆ ದೀಪ

ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ರ ಹೊತ್ತಿಗೆ ಅರಮನೆ ದೀಪ ಹತ್ತುತ್ತದೆ. ಸುಮಾರು ಒಂದು ಲಕ್ಷ ಬಲ್ಬು. ಕಾರ್ಯಕ್ರಮ ಚಿಕ್ಕದು, ಬೇಗ ಹೋಗಿ ಜಾಗ ಹಿಡಿಯಿರಿ. ಜೂನ್, ಜುಲೈನಲ್ಲಿ ಮೈಸೂರಲ್ಲಿ ಸೂರ್ಯ ಮುಳುಗುವುದೇ 6:50ರ ಸುಮಾರಿಗೆ. ಮೋಡ ಇಲ್ಲದಿದ್ದರೆ ದೀಪ ಹತ್ತಿದಾಗ ಹಿಂದೆ ಆಕಾಶ ಇನ್ನೂ ನೀಲಿ ಇರುತ್ತದೆ. ಡಿಸೆಂಬರಲ್ಲಿ ಆ ಹೊತ್ತಿಗೆ ಪೂರ್ತಿ ಕಪ್ಪು.

ಆಟೊ ನಂಬಬೇಡಿ. ಕಪ್ಪು ಆಕಾಶ ನೋಡಿ ಎರಡೂ ಬೆಳಕು ಜಾಸ್ತಿ ಮಾಡುತ್ತವೆ, ಬಲ್ಬುಗಳೆಲ್ಲ ಸೇರಿ ಹಳದಿ ಗೆರೆಯಾಗುತ್ತವೆ. ಫ್ಲಾಶ್ ಆಫ್, ಎಕ್ಸ್‌ಪೋಶರ್ ಮೈನಸ್ 1. ಆಮೇಲೆ ಗೋಪುರದ ಅಂಚಿನಲ್ಲಿ ಬಲ್ಬು ಬಲ್ಬಾಗಿ ಎಣಿಸಲು ಬರುತ್ತಾ ನೋಡಿ. 1020ರಲ್ಲಿ ಕೈಯಲ್ಲಿ ಹಿಡಿದೇ ಬರುತ್ತದೆ. 808ನ್ನು ಯಾವುದಾದರೂ ಕಟ್ಟೆ ಮೇಲಿಟ್ಟು ಸೆಲ್ಫ್ ಟೈಮರ್ ಹಾಕಿ. ಹಾಗೆ ತೆಗೆದರೆ ಅದೂ ಸಮಕ್ಕೆ ನಿಲ್ಲುತ್ತದೆ.

1020ರ ಒಂದು ಕಾಟ ಇಲ್ಲೇ ಗೊತ್ತಾಗುತ್ತದೆ. ಒಂದು ಫೋಟೊ ತೆಗೆದ ಮೇಲೆ ಇನ್ನೊಂದಕ್ಕೆ ಮೂರ್ನಾಲ್ಕು ಸೆಕೆಂಡು ಕಾಯಿಸುತ್ತದೆ. ಎದುರು ಆನೆ ಹೋಗುತ್ತಿದ್ದರೆ ಸೊಂಡಿಲು ಒಂದರಲ್ಲಿ, ಬಾಲ ಇನ್ನೊಂದರಲ್ಲಿ. ದಸರಾ ಮೆರವಣಿಗೆಗೆ 808 ವಾಸಿ.

ಅಂದ ಹಾಗೆ ವಿಡಿಯೊ. ತಮಟೆ, ನಗಾರಿ ಶಬ್ದಕ್ಕೆ ಬೇರೆ ಫೋನುಗಳಲ್ಲಿ ಧ್ವನಿ ಒಡೆದುಹೋಗುತ್ತದೆ. ಇವೆರಡರ ಮೈಕು ಜೋರು ಶಬ್ದಕ್ಕೆಂದೇ ಮಾಡಿದವು. ಇದರಲ್ಲಿ ದೊಡ್ಡ ವ್ಯತ್ಯಾಸ ಹುಡುಕಬೇಡಿ.

ಫಲಿತಾಂಶ ನೋಡುವುದು ಹೇಗೆ

ಫೋನಿನ ಪರದೆಯಲ್ಲಿ ತೀರ್ಪು ಕೊಡಬೇಡಿ. 808ರ ಪರದೆ ಬರೀ 640×360. ಅದರಲ್ಲಿ ಫೋಕಸ್ ತಪ್ಪಿದ ಫೋಟೊ ಕೂಡ ಚೆನ್ನಾಗೇ ಕಾಣುತ್ತದೆ. 1020ರ ಪರದೆ ಹೊಳಪಾಗಿದ್ದು ಬಣ್ಣ ಏರಿಸಿ ತೋರಿಸುತ್ತದೆ. 808ರ ಮೆಮೊರಿ ಕಾರ್ಡ್ ತೆಗೆದು ರೀಡರ್‌ಗೆ ಹಾಕಿ. 1020ಕ್ಕೆ ಕಾರ್ಡ್ ಜಾಗವೇ ಇಲ್ಲ, ಇರುವ 32 ಜಿಬಿಯೇ ಗತಿ, ಕೇಬಲ್ಲೇ ಬೇಕು. ಕೇಬಲ್‌ನಲ್ಲಿ ಎಳೆದುಕೊಂಡಾಗ ಹೆಸರಿನ ಕೊನೆಗೆ ಹೈರೆಸ್ ಅಂತಿರುವ ಫೈಲು ದೊಡ್ಡದು. ಅದನ್ನು ಬಿಟ್ಟು ಬರಬೇಡಿ.

ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಪಕ್ಕಪಕ್ಕ ತೆರೆದು ಒಂದೇ ಅಳತೆಗೆ ತನ್ನಿ. ಆಮೇಲೆ ಇಷ್ಟವಾದ ಒಂದು ಜೋಡಿಯನ್ನು ಕಲರ್ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 5 ಮೆಗಾಪಿಕ್ಸೆಲ್ ಫೋಟೊ 6×8 ಇಂಚಿಗೆ ಆರಾಮಾಗಿ ಸಾಕು. 12×18 ಬೇಕಿದ್ದರೆ 38 ಮೆಗಾಪಿಕ್ಸೆಲ್ ಫೈಲ್ ಕೊಡಿ. ಯಾವುದು ಯಾವ ಫೋನಿನದ್ದು ಅಂತ ಹೇಳದೆ ಮನೆಯವರಿಗೆ ತೋರಿಸಿ. ನಮ್ಮ ಹಾಗೆ ಪಿಕ್ಸೆಲ್ ಎಣಿಸದವರ ಕಣ್ಣು ಬಹಳ ಪ್ರಾಮಾಣಿಕ.

ಹಾಗಾದರೆ ಯಾವುದು?

ಮದುವೆ, ಹೋಟೆಲ್, ಸಂಜೆ ತಿರುಗಾಟ, ಮನೆಯೊಳಗಿನ ಮಕ್ಕಳು, ಆಮೇಲೆ ಕಂಪ್ಯೂಟರಲ್ಲಿ ಕೂತು ರಾ ಫೈಲ್ ತಿದ್ದುವ ಆಸೆ. ಇದು ನೀವಾದರೆ 1020. ಕ್ಯಾಮೆರಾ ಹಿಡಿಕೆ ಜೊತೆಗೆ ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ. ಆ ಹಿಡಿಕೆಯಲ್ಲೇ 1020 ಎಂಎಎಚ್‌ನ ಬ್ಯಾಟರಿಯೂ ಇದೆ, ಟ್ರೈಪಾಡ್ ಕೂರಿಸುವ ತಿರುಪೂ ಇದೆ.

ನಾನಾದರೆ 808 ತಗೊಳ್ಳುತ್ತೇನೆ. ಹಗಲಿನ ಚಿತ್ರ ಚೆಂದ ಅನ್ನೋದು ಅರ್ಧ ಕಾರಣ. ಇನ್ನರ್ಧ ಅದರ ಬ್ಯಾಟರಿ, ಕಾರ್ಡ್ ಎರಡೂ ಕೈಯಲ್ಲೇ ಬದಲಿಸಬಹುದು ಅನ್ನೋದು. ಇಷ್ಟು ಹಳೇ ಸಾಮಾನಿನಲ್ಲಿ ಬಿಚ್ಚಿ ಬದಲಿಸಲು ಬರುವುದೇ ಹೆಚ್ಚು ದಿನ ಬಾಳುತ್ತದೆ. 1020ರ ಬ್ಯಾಟರಿ ಸತ್ತ ದಿನ ರಿಪೇರಿಯವರನ್ನು ಹುಡುಕಿಕೊಂಡು ಅಲೆಯಬೇಕು, ಅವರಿಗೆ ಭಾಗವೂ ಸಿಗಬೇಕು.

ಯಾವುದು ಕೊಂಡರೂ ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ 808ರ ಬ್ಯಾಟರಿ ತೆಗೆದು ಬೇರೆ ಇಡಿ. 1020ನ್ನು ಅರ್ಧ ಚಾರ್ಜ್ ಮಾಡಿ ಆಫ್ ಮಾಡಿ, ಎರಡು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತನ್ನಿ. ಪೂರ್ತಿ ಖಾಲಿಯಾಗಿ ತುಂಬ ದಿನ ಬಿದ್ದಿದ್ದರೆ ಕೆಲವೊಮ್ಮೆ ಏಳುವುದೇ ಇಲ್ಲ.